ದಿನದ ಬದುಕಿನಲ್ಲಿ ಸೃಜನಶೀಲತೆಗೆ ಜಾಗ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಧಾರವಾಡದಲ್ಲಿ ನಿಂತು ಕಲ್ಲು ಒಗೆದರೆ ಅದು ಯಾರಾದರೊಬ್ಬ ಸಾಹಿತಿಯ ಮನೆಯ ಮೇಲೆಯೇ ಬೀಳುತ್ತದೆ ಎಂಬ ಮಾತನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತ ಬಂದಿದ್ದೇವೆ. ಈ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಕಲ್ಲು ಬೀಳದ ಮನೆಗಳಲ್ಲಿ ಇರುವವರು, ಅಂದರೆ ರೈಲ್ವೆ ವರ್ಕ್‌ಶಾಪಿಗೆ ಹೋಗುವವರು, ಬ್ಯಾಂಕಿನ ಕೌಂಟರಿನಲ್ಲಿ ಕೂಡುವವರು, ಶಾಲೆಯ ಉತ್ತರಪತ್ರಿಕೆ ತಿದ್ದುವವರು, ನಸುಕಿನಲ್ಲೆದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟುವವರು, ಹೊಸದೊಂದನ್ನು ಕಟ್ಟುವ ಕೆಲಸ ತಮ್ಮ ಪಾಲಿನದಲ್ಲವೆಂದು ಯಾರೂ ಹೇಳದಿದ್ದರೂ ತಾವೇ ಒಪ್ಪಿಕೊಂಡುಬಿಟ್ಟಿದ್ದಾರೆ. ಶಾಲೆಯಲ್ಲಿದ್ದಾಗ ಪದ್ಯ ಬರೆಯುತ್ತಿದ್ದವರು, ಚಿತ್ರ ತೆಗೆಯುತ್ತಿದ್ದವರು, ಗ್ಯಾದರಿಂಗ್‌ನಲ್ಲಿ ನಾಟಕ ಮಾಡಿಸುತ್ತಿದ್ದವರು ಇವರಲ್ಲಿ ಎಷ್ಟೋ ಮಂದಿ ಇದ್ದಾರೆ. ಈ ಮಾರ್ಗದರ್ಶಿ ಅವರಿಗಾಗಿ.

ಜೇಮ್ಸ್ ಕೌಫ್‌ಮನ್ ಮತ್ತು ರೊನಾಲ್ಡ್ ಬೆಗೆಟ್ಟೊ ಎಂಬ ಇಬ್ಬರು ಮನೋವಿಜ್ಞಾನಿಗಳು 2009ರಲ್ಲಿ ಸೃಜನಶೀಲತೆಯನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಕಲಿಯುವಾಗ ತನಗೆ ತಾನೇ ಹೊಸದಾಗಿ ಹೊಳೆಯುವುದು ಮೊದಲನೆಯದು; ದಿನದ ಬದುಕಿನಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಮಾಡುವುದು ಎರಡನೆಯದು; ವೃತ್ತಿಯಾಗಿ ಪಳಗಿದವರದು ಮೂರನೆಯದು; ಕಾಲ ಕಳೆದರೂ ಉಳಿಯುವ ಮಹಾನ್ ಪ್ರತಿಭೆ ನಾಲ್ಕನೆಯದು. ನಮ್ಮ ಊರಿನ ಗೋಡೆಗಳ ಮೇಲೆ ಭಾವಚಿತ್ರವಾಗಿ ಕಾಣುವವರೆಲ್ಲ ಈ ನಾಲ್ಕನೆಯ ಮಟ್ಟದವರಾದ್ದರಿಂದ ಮೊದಲೆರಡು ಮಟ್ಟಗಳು ಇವೆಯೆಂಬುದನ್ನೇ ನಾವು ಮರೆತಿದ್ದೇವೆ. ಇಲ್ಲಿ ಹೇಳುವುದೆಲ್ಲ ಆ ಎರಡಕ್ಕೆ ಸಂಬಂಧಿಸಿದ್ದು. ಇದು ಮನಸ್ಸಿಗೆ ಸಂಬಂಧಿಸಿದ ವಿಷಯವೆಂದು ಎಲ್ಲರೂ ಭಾವಿಸಿದರೂ ನನ್ನ ಮಟ್ಟಿಗೆ ಇದು ಮೊದಲು ಮನೆಯ ವ್ಯವಸ್ಥೆಗೆ ಸಂಬಂಧಿಸಿದ್ದು. ಯಾವ ಮೂಲೆ, ಯಾವ ಹೊತ್ತು, ಯಾರೊಂದಿಗೆ ಯಾವ ಕರಾರು ಎಂಬುದು ತೀರ್ಮಾನವಾಗದೆ ಸ್ಫೂರ್ತಿಯ ಮಾತಾಡುವುದರಿಂದ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಒಂದೇ ಕೆಲಸವನ್ನು ಆರಿಸಿಕೊಳ್ಳುವುದು

ಯುಗಾದಿಯ ಉತ್ಸಾಹದಲ್ಲಿ ಹಾರ್ಮೋನಿಯಂ, ಬಣ್ಣದ ಪೆಟ್ಟಿಗೆ, ದಪ್ಪ ರಟ್ಟಿನ ವಹಿ ಎಲ್ಲವನ್ನೂ ಕೊಂಡು ತಂದವರ ಮನೆಯಲ್ಲಿ ಶ್ರಾವಣ ಬರುವುದರೊಳಗೆ ಮೂರರ ಮೇಲೂ ಧೂಳು ಕೂತಿರುತ್ತದೆ. ಒಂದನ್ನು ಆರಿಸಿಕೊಳ್ಳಬೇಕು, ಅದನ್ನು ಕನಿಷ್ಠ ಮೂರು ತಿಂಗಳು ಬದಲಿಸಬಾರದು.

ಆರಿಸುವುದಕ್ಕೆ ಒಂದು ವಾರ ಕೊಡಿರಿ. ಕಿಸೆಯಲ್ಲೋ ಚೀಲದಲ್ಲೋ ಸಣ್ಣ ವಹಿ ಇಟ್ಟುಕೊಂಡು, "ಇದನ್ನು ನಾನಾಗಿದ್ದರೆ ಬೇರೆ ರೀತಿ ಮಾಡುತ್ತಿದ್ದೆ" ಎಂದು ಅನಿಸಿದಾಗಲೆಲ್ಲ ಒಂದು ಸಾಲು ಗುರುತು ಹಾಕಿಕೊಳ್ಳಿರಿ. ಅದು ಮದುವೆಮನೆಯ ರಂಗೋಲಿಯಿರಬಹುದು, ಬೀಳ್ಕೊಡುಗೆ ಸಮಾರಂಭದ ಭಾಷಣವಿರಬಹುದು, ಪತ್ರಿಕೆಯಲ್ಲಿ ಬಂದ ಕತೆಯ ಕೊನೆಯಿರಬಹುದು, ಭಜನೆಯಲ್ಲಿ ಎಳೆದ ರಾಗವಿರಬಹುದು, ಎಣಗಾಯಿಗೆ ತುಂಬಿದ ಮಸಾಲೆಯೂ ಇರಬಹುದು. ಮೆಚ್ಚಿಕೊಂಡದ್ದನ್ನು ಬರೆದುಕೊಳ್ಳುವ ಅಗತ್ಯವಿಲ್ಲ, ಏಕೆಂದರೆ ಮೆಚ್ಚುಗೆಯಿಂದ ಒಳ್ಳೆಯ ಪ್ರೇಕ್ಷಕ ಹುಟ್ಟುತ್ತಾನೆ. ಬೇರೆ ರೀತಿ ಮಾಡಬೇಕೆಂಬ ಸಣ್ಣ ಕಿರಿಕಿರಿ ಎಲ್ಲಿ ಹೆಚ್ಚಾಗಿ ಎದ್ದಿದೆಯೋ ಅಲ್ಲಿಯೇ ನಿಮ್ಮ ಕೆಲಸವಿದೆ.

ಎರಡನೆಯ ಹೆಜ್ಜೆ: ಎತ್ತಿಡದ ಜಾಗ

ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ ಹೆಸರಿನ ಜೊತೆಗೆ ಸುಭಾಸ ರಸ್ತೆಯ ಅದರ ಅಟ್ಟವೂ ಪ್ರಸಿದ್ಧವಾಗಿದೆ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಕೂತು ಓದಿ ವಾದಿಸಿದ ಜಾಗವದು. ಅರಮನೆಯಂಥ ಕಟ್ಟಡವೇನೂ ಅಲ್ಲ, ಮೆಟ್ಟಿಲು ಹತ್ತಿ ಹೋಗುವ ಅಟ್ಟ. ಅಲ್ಲಿ ಯಾವ ಕೆಲಸ ನಡೆಯುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು, ಹರಡಿದ ಹಸ್ತಪ್ರತಿ ಹರಡಿದಂತೆಯೇ ಇರಬಹುದಾಗಿತ್ತು. ಜಾಗ ಕೊಡುವ ದೊಡ್ಡ ಅನುಕೂಲ ಇದೇ.

ನವನಗರ, ವಿದ್ಯಾನಗರ, ಸಪ್ತಾಪುರದ ಎರಡು ಕೋಣೆಯ ಬಾಡಿಗೆ ಮನೆಗಳಲ್ಲಿ ಅಟ್ಟ ಎಲ್ಲಿಂದ ಬರಬೇಕು ಎಂದು ಕೇಳಬಹುದು. ಬೇಕಾಗಿರುವುದು ಕೋಣೆಯಲ್ಲ. ಎರಡಡಿ ಅಗಲ, ಒಂದೂವರೆ ಅಡಿ ಆಳದ ಹಲಗೆ ಸಾಕು. ಹಳೆಯ ಮನೆಯಾದರೆ ಗೋಡೆಯಲ್ಲಿನ ಮಾಡ, ಪಡಸಾಲೆಯ ಕಿಟಕಿಯ ಕಟ್ಟೆ, ಮಾಳಿಗೆಗೆ ಹೋಗುವ ಪಾವಟಿಗೆಯ ಕೆಳಗಿನ ಸಂದು ಇವು ಯಾವುದಾದರೂ ಆದೀತು. ಹೊಸ ಮನೆಯಾದರೆ ಗೋಡೆಗೆ ಮಡಚುವ ಹಲಗೆ ಬಡಿಸಬಹುದು. ಜಾಗವನ್ನು ಪರೀಕ್ಷಿಸಲು ಎರಡು ಪ್ರಶ್ನೆಗಳಿವೆ. ಕೂತ ಎರಡು ನಿಮಿಷದೊಳಗೆ ಕೈ ಕೆಲಸಕ್ಕೆ ಹತ್ತುತ್ತದೆಯೇ? ಅರ್ಧ ಆದ ಕೆಲಸವನ್ನು ಎತ್ತಿಡದೆ ನಾಳೆಯವರೆಗೆ ಹಾಗೆಯೇ ಬಿಡಬಹುದೇ? ಎರಡಕ್ಕೂ ಹೌದೆಂಬ ಉತ್ತರವಿಲ್ಲದಿದ್ದರೆ ಎಷ್ಟೇ ಚಂದದ ಮೇಜಾದರೂ ನಿಷ್ಪ್ರಯೋಜಕ. ಊಟದ ಮೇಜು ಈ ಪರೀಕ್ಷೆಯಲ್ಲಿ ಯಾವಾಗಲೂ ಸೋಲುತ್ತದೆ, ಹಾಸಿಗೆಯೂ ಸೋಲುತ್ತದೆ. ಬಣ್ಣ, ಕುಂಚ, ಬಟ್ಟೆ, ಸೂಜಿಯಂಥ ಸಾಮಾನು ಹರಡುವ ಕೆಲಸವಾದರೆ ಒಂದು ದೊಡ್ಡ ಪರಾತ ಒಳ್ಳೆಯ ಉಪಾಯ. ಎಲ್ಲವನ್ನೂ ಅದರೊಳಗೇ ಹರಡಿಕೊಂಡು ಕೆಲಸ ಮಾಡಿದರೆ, ಅತಿಥಿಗಳು ಬಂದಾಗ ಇದ್ದದ್ದು ಇದ್ದ ಹಾಗೆ ಪರಾತವನ್ನೇ ಎತ್ತಿ ಕಪಾಟಿನ ಮೇಲಿಡಬಹುದು.

ಇನ್ನುಳಿದದ್ದು ಕರಾರು. ಆ ಹಲಗೆಯನ್ನು ಯಾರೂ ಸ್ವಚ್ಛ ಮಾಡಬಾರದು, ಅದರ ಮೇಲೆ ಯಾರೂ ವಿದ್ಯುತ್ ಬಿಲ್ಲು, ಕೀಲಿಕೈ, ಹೂವಿನ ಪುಡಿಕೆ ಇಡಬಾರದು ಎಂಬುದನ್ನು ಮನೆಯವರೆಲ್ಲ ಕೂಡಿದ್ದಾಗ ಬಾಯಿಬಿಟ್ಟು ಹೇಳಬೇಕು. "ನನ್ನ ಸೃಜನಶೀಲತೆಗೆ" ಎಂದು ದೊಡ್ಡ ಮಾತಾಡಿದರೆ ನಗು ಬರುತ್ತದೆ. "ಮುಂಜಾನೆ ಆರರಿಂದ ಆರೂ ನಲವತ್ತರ ತನಕ ಇಲ್ಲಿ ಕೂತು ಬರೀತೀನ್ರಿ, ಆಗ ಯಾರೂ ಕರೀಬ್ಯಾಡ್ರಿ" ಎಂದರೆ ಅತ್ತೆ-ಮಾವಂದಿರಿಗೂ ಅರ್ಥವಾಗುತ್ತದೆ, ಮಕ್ಕಳಿಗೂ ಅರ್ಥವಾಗುತ್ತದೆ. ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಗಂಡಸಿನ ಹವ್ಯಾಸಕ್ಕೆ ಕೋಣೆ ಸಿಗುತ್ತದೆ, ಹೆಂಗಸಿನ ಹವ್ಯಾಸಕ್ಕೆ ಸಾರು ಕುದಿಯುವವರೆಗಿನ ಹೊತ್ತು ಸಿಗುತ್ತದೆ. ಬೀಸುವ ಕಲ್ಲಿನ ಮುಂದೆ ಕೂತೇ ನಮ್ಮ ಅಜ್ಜಿಯರು ಸಾವಿರಾರು ತ್ರಿಪದಿಗಳನ್ನು ಕಟ್ಟಿದರೆಂಬುದು ನಿಜ. ಆದರೆ ಅದನ್ನು ಮುಂದೆ ಮಾಡಿ ಇಂದಿನ ಹೆಣ್ಣುಮಗಳಿಗೆ ಬೇರೆ ಹೊತ್ತು ಬೇಡವೆನ್ನುವುದು ಸರಿಯಲ್ಲ. ಆಕೆಯ ನಲವತ್ತು ನಿಮಿಷದಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು ಎಂಬುದು ಕರಾರಿನ ಮೊದಲ ಕಲಮಾಗಬೇಕು.

ಮೂರನೆಯ ಹೆಜ್ಜೆ: ಹೊತ್ತನ್ನು ಗೊತ್ತು ಮಾಡುವುದು

ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅವರ ಕಂಠದ ಬಗ್ಗೆ ಮಾತಾಡುವಾಗ ನಾವು ಆ ರೈಲನ್ನು ಮರೆಯುತ್ತೇವೆ. ಇಂದು ಮನಸ್ಸು ಸರಿಯಿಲ್ಲ, ನಾಳೆ ನೋಡೋಣ ಎಂದರೆ ರೈಲು ಕಾಯುವುದಿಲ್ಲ. ಹೊರಡುವ ಹೊತ್ತು ಮೊದಲೇ ಗೊತ್ತಾಗಿರುವಾಗ ಹೊರಡಬೇಕೋ ಬೇಡವೋ ಎಂಬ ಜಗ್ಗಾಟದಲ್ಲಿ ಅರ್ಧ ಶಕ್ತಿ ಖರ್ಚಾಗುವುದಿಲ್ಲ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೂ ಅಂಥದೊಂದು ವೇಳಾಪಟ್ಟಿ ಬೇಕು.

ಅದಕ್ಕೆ ಸುಲಭದ ದಾರಿಯೆಂದರೆ, ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದರ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟುವುದು: ಮುಂಜಾನೆಯ ಚಹಾದ ನಂತರ, ದೇವರ ದೀಪ ಹಚ್ಚಿದ ನಂತರ, ಮಕ್ಕಳ ಶಾಲೆಯ ರಿಕ್ಷಾ ಹೋದ ನಂತರ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹೀಗೆಯೇ ಹೊಸ ರೂಢಿ ಬೆಳೆಸಿಕೊಳ್ಳುವಂತೆ ಮಾಡಿ ಗಮನಿಸಿದಾಗ, ರೂಢಿ ತಾನಾಗಿ ನಡೆಯುವಷ್ಟು ಗಟ್ಟಿಯಾಗಲು ಸರಾಸರಿ 66 ದಿನಗಳು ಹಿಡಿದವು. ಆದರೆ ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೆ ಬೇಕಾಗಬಹುದೆಂಬ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ ಎಂಬುದು ಆ ಅಧ್ಯಯನದಲ್ಲಿ ನಮಗೆ ಹೆಚ್ಚು ಉಪಯೋಗದ ಸಂಗತಿ. ಇಪ್ಪತ್ತೊಂದು ದಿನಕ್ಕೆ ರೂಢಿಯಾಗುತ್ತದೆಂದು ವಾಟ್ಸ್ಆ್ಯಪಿನಲ್ಲಿ ಬರುವ ಮಾತನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗಬೇಕಿಲ್ಲ.

ನಮ್ಮ ಅವಳಿ ನಗರಕ್ಕೆ ಇನ್ನೊಂದು ಲೆಕ್ಕವೂ ಇದೆ. ನಳದ ನೀರು ಕೆಲವು ದಿನಗಳಿಗೊಮ್ಮೆ ಬರುವ ಓಣಿಗಳಲ್ಲಿ ನೀರು ಬಂದ ದಿನ ಮನೆಯ ಎಲ್ಲ ವೇಳಾಪಟ್ಟಿಯೂ ಬುಡಮೇಲಾಗುತ್ತದೆ. ಆ ದಿನವನ್ನು ಮೊದಲೇ ರಜೆಯೆಂದು ಬರೆದಿಟ್ಟುಬಿಡುವುದು ಒಳ್ಳೆಯದು; ರಜೆಗೂ ತಪ್ಪಿಸಿದ್ದಕ್ಕೂ ಮನಸ್ಸಿನಲ್ಲಿ ಬಹಳ ವ್ಯತ್ಯಾಸವಿದೆ.

ಇನ್ನು ಆ ನಲವತ್ತು ನಿಮಿಷಗಳ ಒಳಗೆ ಏನು ನಡೆಯಬೇಕೆಂಬುದನ್ನು ಹತ್ತಿರದಿಂದ ನೋಡೋಣ. ಮೊಬೈಲು ಬೇರೆ ಕೋಣೆಯಲ್ಲಿರಬೇಕು, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು. ಮೊದಲ ಐದು ನಿಮಿಷ ಒಂದು ಹಾಳೆಯ ಮೇಲೆ ಬಾಕಿ ಕೆಲಸಗಳನ್ನೆಲ್ಲ ಬರೆಯಿರಿ: ಗ್ಯಾಸ್ ಬುಕ್ ಮಾಡುವುದು, ಸೊಸೈಟಿಯ ಕಂತು, ತಂಗಿಗೆ ಫೋನು. ಮುಗಿಯದ ಕೆಲಸದಿಂದ ಮತ್ತೊಂದಕ್ಕೆ ಹೊರಳಿದಾಗ ಗಮನದ ಒಂದು ಭಾಗ ಹಳೆಯದರ ಹತ್ತಿರವೇ ಉಳಿಯುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಹಾಳೆಯ ಮೇಲೆ ಇಳಿಸಿದ ಬಾಕಿ ಅಷ್ಟಾಗಿ ಕಾಡುವುದಿಲ್ಲ. ಮುಂದಿನ ಐದು ನಿಮಿಷ ನಿನ್ನೆ ಮಾಡಿದ ಕೊನೆಯ ತುಣುಕನ್ನು ಹಾಗೆಯೇ ಮತ್ತೊಮ್ಮೆ ಮಾಡಿರಿ. ಬರೆಯುವವರು ಕೊನೆಯ ಎರಡು ಸಾಲು ನಕಲು ಮಾಡಬೇಕು, ಹಾಡುವವರು ನಿನ್ನೆಯ ಸ್ವರಗುಚ್ಛ ಹಾಡಬೇಕು, ಚಿತ್ರ ತೆಗೆಯುವವರು ಅದೇ ಗೆರೆಯನ್ನು ರದ್ದಿ ಕಾಗದದ ಮೇಲೆ ಎಳೆಯಬೇಕು. ನಂತರದ ಇಪ್ಪತ್ತೈದು ನಿಮಿಷ ಹೊಸ ಕೆಲಸ. ಕೊನೆಯ ಐದು ನಿಮಿಷಗಳಲ್ಲಿ ಹೊಸದೇನನ್ನೂ ಮಾಡದೆ, ನಾಳೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಚೀಟಿಯಲ್ಲಿ ಬರೆದು ಹಲಗೆಯ ಮೇಲಿಡಿರಿ. ಕೆಲಸ ಸರಾಗವಾಗಿ ಸಾಗುತ್ತಿರುವಾಗಲೇ ಏಳುವುದು ಕಷ್ಟವೆನಿಸುತ್ತದೆ, ಆದರೆ ಮರುದಿನ ಕೂಡುವುದು ಅದರಿಂದಲೇ ಹಗುರವಾಗುತ್ತದೆ.

ನಾಲ್ಕನೆಯ ಹೆಜ್ಜೆ: ಸಾಮಗ್ರಿ ಕೂಡಿಹಾಕುವುದು

ಹಲಗೆಯ ಮುಂದೆ ಕೂತಾಗ ಏನೂ ಹೊಳೆಯುವುದಿಲ್ಲವೆಂದರೆ, ಬಹುತೇಕ ಸಂದರ್ಭಗಳಲ್ಲಿ, ಉಳಿದ ಇಪ್ಪತ್ಮೂರು ತಾಸುಗಳಲ್ಲಿ ಏನನ್ನೂ ಕೂಡಿಹಾಕಿಲ್ಲವೆಂದೇ ಅರ್ಥ. ದಿನಕ್ಕೆ ಮೂರು ಸಂಗತಿ, ಒಂದೊಂದು ಸಾಲಿನಲ್ಲಿ, ವಹಿಯಲ್ಲಿ ಬೀಳಬೇಕು. ಅಭಿಪ್ರಾಯಗಳು ಬೇಡ, ಕಂಡದ್ದು, ಕೇಳಿದ್ದು, ಮೂಸಿದ್ದು, ಮುಟ್ಟಿದ್ದು ಮಾತ್ರ ಬೇಕು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಚಿಗರಿ ಬಸ್ಸಿನಲ್ಲಿ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ. ಕಿವಿಯಲ್ಲಿನ ಇಯರ್‌ಫೋನು ತೆಗೆದರೆ ಉಣಕಲ್ಲಿನಿಂದ ರಾಯಾಪುರದವರೆಗೆ ಒಂದು ಇಡೀ ಕತೆಗಾಗುವಷ್ಟು ಮಾತು ಪುಕ್ಕಟೆಯಾಗಿ ದೊರೆಯುತ್ತದೆ.

ನೋಡುವುದನ್ನು ಹರಿತಗೊಳಿಸಲು ಒಂದು ಅಭ್ಯಾಸವಿದೆ. ಬ್ಯಾಡಗಿ ಮೆಣಸಿನಕಾಯಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು "ಕೆಂಪು", "ಖಾರ", "ಒಣ" ಎಂಬ ಮೂರು ಮಾತುಗಳನ್ನು ಬಳಸದೆ ಹತ್ತು ಸಾಲು ಬರೆಯಿರಿ. ಮೊದಲ ಮೂರು ಸಾಲು ಪರದಾಟವಾಗುತ್ತದೆ. ಆಮೇಲೆ ಸಿಪ್ಪೆಯ ನಿರಿಗೆಗಳು ತೊಟ್ಟಿನ ಹತ್ತಿರ ಒತ್ತಾಗಿ ತುದಿಗೆ ಹೋದಂತೆ ಸಡಿಲವಾಗುವುದು, ಅಲುಗಿಸಿದಾಗ ಒಳಗಿನ ಬೀಜ ಸಪ್ಪಳ ಮಾಡುವುದು, ಬೆರಳಿಗೆ ಹತ್ತಿದ ಬಣ್ಣ ಒರೆಸಿದರೂ ಉಗುರಿನ ಸಂದಿಯಲ್ಲಿ ಉಳಿಯುವುದು ಕಾಣತೊಡಗುತ್ತದೆ. ಚಿತ್ರ ತೆಗೆಯುವವರು ಇದೇ ಅಭ್ಯಾಸವನ್ನು ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಒಂದು ಭಾನುವಾರ ಮಾಡಬಹುದು: ಇಡೀ ಗುಡಿಯನ್ನು ತೆಗೆಯುವ ಆಸೆ ಬಿಟ್ಟು ಒಂದೇ ಕಂಬದ ಒಂದು ಗೇಣಿನಷ್ಟು ಭಾಗವನ್ನು ಎರಡು ತಾಸು ನೋಡುವುದು.

ನಡಿಗೆಯ ವಿಷಯ ಬೇರೆಯಾಗಿ ಹೇಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೂತವರಿಗಿಂತ ನಡೆಯುವವರಲ್ಲಿ ಹೊಸ ವಿಚಾರಗಳು ಸರಾಸರಿ ಶೇ. 60ರಷ್ಟು ಹೆಚ್ಚಾಗಿ ಹೊಮ್ಮಿದವು. ಆದರೆ ಒಂದೇ ಸರಿಯುತ್ತರವಿರುವ ಪ್ರಶ್ನೆಗಳಿಗೆ ನಡಿಗೆಯಿಂದ ಲಾಭವಾಗಲಿಲ್ಲ. ಆದ್ದರಿಂದ ಕತೆಯ ಮುಂದಿನ ತಿರುವು, ಹಾಡಿನ ಹೊಸ ಧಾಟಿ ಬೇಕಾದಾಗ ಉಣಕಲ್ ಕೆರೆಯ ಸುತ್ತ, ನೃಪತುಂಗ ಬೆಟ್ಟದ ಮೇಲೆ, ಸಾಧನಕೇರಿಯ ಏರಿಯ ಮೇಲೆ, ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನಡೆಯಿರಿ. ಬರೆದದ್ದನ್ನು ತಿದ್ದಬೇಕಾದಾಗ ಕೂಡಿರಿ. ಧಾರವಾಡದವರ ಸಂಜೆಯ ವಾಕಿಂಗ್ ಬಹುಮಟ್ಟಿಗೆ ನಡೆದಾಡುವ ಹರಟೆಯೇ ಆಗಿರುವುದರಿಂದ, ವಾರಕ್ಕೆ ಎರಡು ದಿನವಾದರೂ ಒಬ್ಬರೇ ಹೋಗುವ ನಿಷ್ಠುರತೆ ತೋರಿಸಬೇಕಾಗುತ್ತದೆ.

ಐದನೆಯ ಹೆಜ್ಜೆ: ಕಟ್ಟು ಹಾಕಿಕೊಳ್ಳುವುದು

ಸ್ವಾತಂತ್ರ್ಯವಿದ್ದಷ್ಟೂ ಸೃಷ್ಟಿ ಹೆಚ್ಚುತ್ತದೆಂಬ ನಂಬಿಕೆ ಇರುವವರು ಧಾರವಾಡದ ಕಸೂತಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಬೇಕು. ಅದರಲ್ಲಿ ನಾಲ್ಕೇ ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ನೂಲಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಮನೆ ಹೊಲಿದು ಒಂದು ಮನೆ ಬಿಡುತ್ತ ಸಾಗುತ್ತದೆ, ಮರಳಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಆದ್ದರಿಂದ ಸೆರಗಿನ ಎರಡೂ ಮಗ್ಗುಲಿಗೆ ಚಿತ್ರ ಒಂದೇ ಆಗಿ ಕಾಣುತ್ತದೆ. ಮುರಗಿ ಅದೇ ಹೊಲಿಗೆಯನ್ನು ಮೆಟ್ಟಿಲುಮೆಟ್ಟಿಲಾಗಿ ಏರಿಸಿ ಇಳಿಸುತ್ತದೆ. ಹೋದ ದಾರಿಯಲ್ಲೇ ಮರಳಬೇಕಾದ್ದರಿಂದ, ಗೋಪುರದ ತುದಿಗೆ ಹೋದ ಸೂಜಿ ಪಕ್ಕದ ಕವಲುಗಳನ್ನೆಲ್ಲ ಮುಗಿಸಿಕೊಂಡು ಬುಡಕ್ಕೆ ಹೇಗೆ ಬರಬೇಕೆಂಬುದನ್ನು ಹೊಲಿಯುವಾಕೆ ಮೊದಲ ಚುಚ್ಚಿಗಿಂತ ಮುಂಚೆಯೇ ತಲೆಯಲ್ಲಿ ಬಿಡಿಸಿಕೊಂಡಿರಬೇಕು. ಇಷ್ಟು ಬಿಗಿಯ ನಡುವೆ, ನೆಟ್ಟಗಿನ ಗೆರೆ, ಅಡ್ಡ ಗೆರೆ, ಓರೆ ಗೆರೆಗಳಿಂದಲೇ ಇಳಕಲ್ ಸೀರೆಯ ಮೇಲೆ ತೇರು, ಆನೆ, ಗಿಳಿ, ತುಳಸಿ ವೃಂದಾವನ ಎಲ್ಲವೂ ಎದ್ದು ಬಂದಿವೆ.

ಇದನ್ನು ಯಾವ ಕೆಲಸಕ್ಕಾದರೂ ಹೊಂದಿಸಬಹುದು. ಮಕ್ಕಳ ಗಣಿತದ ಚೌಕಳಿ ವಹಿಯೊಂದನ್ನು ತೆಗೆದುಕೊಂಡು, ಚೌಕಗಳ ಅಂಚು ಮತ್ತು ಕರ್ಣಗಳ ಮೇಲೆ ಮಾತ್ರ ಗೆರೆ ಎಳೆಯಬೇಕೆಂಬ ಕಟ್ಟಿನೊಳಗೆ ವೃಂದಾವನದ ಏಳು ಬೇರೆ ಬೇರೆ ಚಿತ್ರ ತೆಗೆಯಿರಿ. ಮೊದಲ ಎರಡು-ಮೂರು ಚಿತ್ರಗಳು ಎಲ್ಲಿಯೋ ಕಂಡವೇ ಆಗಿರುತ್ತವೆ, ಆಮೇಲೆ ಕಂಡದ್ದು ತೀರಿಹೋಗಿ ತಲೆ ಕೆಲಸ ಮಾಡಲೇಬೇಕಾಗುತ್ತದೆ. ಬರೆಯುವವರು ಎಂಟೇ ಸಾಲಿನಲ್ಲಿ ಒಬ್ಬ ವ್ಯಕ್ತಿಯನ್ನು ವಿಶೇಷಣವಿಲ್ಲದೆ ಕಟ್ಟಿಕೊಡಲಿ. ಹಾಡುವವರು ಒಂದು ತಿಂಗಳು ಒಂದೇ ರಾಗದಲ್ಲಿರಲಿ. ಅಡಿಗೆಯಲ್ಲಿ ಹೊಸದು ಮಾಡುವವರು ಅಂಗಡಿಗೆ ಹೋಗದೆ ಮನೆಯಲ್ಲಿದ್ದ ಐದು ಪದಾರ್ಥಗಳಿಂದಲೇ ಮಾಡಲಿ. ಕಟ್ಟು ಎರಡಕ್ಕಿಂತ ಹೆಚ್ಚಿರಬಾರದು, ಮತ್ತು ಅದನ್ನು ಕೂಡುವ ಮೊದಲೇ ಬರೆದಿಡಬೇಕು. ನಡುವೆ ಬದಲಿಸಿದರೆ ಅದು ಕಟ್ಟಾಗಿ ಉಳಿಯುವುದಿಲ್ಲ.

ಆರನೆಯ ಹೆಜ್ಜೆ: ಮಾಡುವುದು ಬೇರೆ, ಅಳೆಯುವುದು ಬೇರೆ

ಗದಗಿನ ನಾರಣಪ್ಪ ತನ್ನ ಕಾವ್ಯದ ಆರಂಭದಲ್ಲಿ ಹೇಳಿಕೊಂಡ ಅಗ್ಗಳಿಕೆಗಳಲ್ಲಿ, ಇಟ್ಟ ಪದವನ್ನು ತಾನು ಅಳಿಸುವುದಿಲ್ಲ ಎಂಬುದೂ ಒಂದು. ವೀರನಾರಾಯಣನ ಸನ್ನಿಧಿಯಲ್ಲಿ ಅದು ಸಾಧ್ಯವಾಗಿರಬಹುದು. ಉಳಿದ ನಮಗೆಲ್ಲ ರಬ್ಬರೇ ಗತಿ. ಆದರೆ ಅದನ್ನು ಯಾವಾಗ ಹಿಡಿಯಬೇಕೆಂಬುದು ಮುಖ್ಯ. ಬರೆಯುತ್ತಿರುವಾಗಲೇ ತಿದ್ದುತ್ತ ಹೋದರೆ ಮೊದಲ ಸಾಲು ಚಂದವಾಗುತ್ತದೆ, ಎರಡನೆಯ ಸಾಲು ಹುಟ್ಟುವುದೇ ಇಲ್ಲ. ವಾರದ ಐದು ದಿನ ಕೇವಲ ಮಾಡುವುದು, ಒಂದು ದಿನ ಕೇವಲ ನೋಡಿ ತಿದ್ದುವುದು ಎಂದು ಹಂಚಿಕೊಳ್ಳಿರಿ.

ಗ್ರಹಾಂ ವಾಲಾಸ್ 1926ರಲ್ಲಿ ಹೊಸ ವಿಚಾರವೊಂದು ಹುಟ್ಟುವ ಬಗೆಯನ್ನು ಸಿದ್ಧತೆ, ಒಳಗೇ ಮಾಗುವುದು, ಹೊಳೆಯುವುದು, ಪರೀಕ್ಷಿಸುವುದು ಎಂಬ ನಾಲ್ಕು ಘಟ್ಟಗಳಲ್ಲಿ ವಿವರಿಸಿದ. ನಾವು ಮೂರನೆಯ ಘಟ್ಟವನ್ನೇ ಎಲ್ಲವೆಂದು ತಿಳಿಯುತ್ತೇವೆ. ಫ್ರಾನ್ಸಿನ ಗಣಿತಜ್ಞ ಆಂರಿ ಪ್ವಾಂಕಾರೆ ಕುದುರೆ ಎಳೆಯುವ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ತನಗೆ ದೊಡ್ಡ ಹೊಳಹೊಂದು ಸಿಕ್ಕಿತೆಂದು ಬರೆದಿದ್ದಾನೆ. ಆ ಮೆಟ್ಟಿಲ ಕತೆ ಎಲ್ಲರಿಗೂ ಇಷ್ಟವಾಗುತ್ತದೆ. ಅದಕ್ಕೂ ಮುಂಚೆ ಅದೇ ವಿಷಯದ ಮೇಲೆ ಹದಿನೈದು ದಿನ ದಿನವೂ ಮೇಜಿನ ಮುಂದೆ ಕೂತು ಫಲ ಕಾಣದೆ ಎದ್ದದ್ದನ್ನು ಅವನೇ ಹೇಳಿದ್ದರೂ ಅದನ್ನು ಯಾರೂ ಹೇಳುವುದಿಲ್ಲ. ಕೆಲಸ ಸಿಕ್ಕಿಕೊಂಡಾಗ ಮಾಡಬೇಕಾದದ್ದು ಇಷ್ಟೇ: ಎಲ್ಲಿ ಸಿಕ್ಕಿಕೊಂಡಿದೆಯೆಂಬುದನ್ನು ಒಂದೇ ವಾಕ್ಯದಲ್ಲಿ ಪ್ರಶ್ನೆಯಾಗಿ ಬರೆದು, ಅಂದಿಗೆ ಎದ್ದುಬಿಡುವುದು. ಪ್ರಶ್ನೆ ಬರೆಯದೆ ಎದ್ದರೆ ಮಾಗುವುದಕ್ಕೆ ಒಳಗೆ ಏನೂ ಇರುವುದಿಲ್ಲ.

ಏಳನೆಯ ಹೆಜ್ಜೆ: ಮೂರ್ನಾಲ್ಕು ಜನರ ಕೂಟ

1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪೂ ಇದ್ದ ಊರಿನಲ್ಲಿ ಸಂಗಡದ ಮಹತ್ವವನ್ನು ಹೆಚ್ಚು ಹೇಳಬೇಕಾಗಿಲ್ಲ. ಆದರೆ ಇಂದಿನ ಅನೇಕ ಕೂಟಗಳು ಸನ್ಮಾನದ ಶಾಲು ಹೊದಿಸುವುದರಲ್ಲಿಯೇ ಮುಗಿಯುತ್ತವೆ. ತಿಂಗಳಿಗೆ ಒಮ್ಮೆ, ಯಾರದಾದರೂ ಮನೆಯ ಕಟ್ಟೆಯ ಮೇಲೆ, ಮೂವರಿಂದ ಐವರು ಕೂತರೆ ಸಾಕು. ಪ್ರತಿಯೊಬ್ಬರೂ ಅರ್ಧ ಆದ ಕೆಲಸವನ್ನೇ ತರಬೇಕು; ಮುಗಿದದ್ದನ್ನು ತಂದವರಿಗೆ ಹೊಗಳಿಕೆ ಬೇಕಾಗಿರುತ್ತದೆ. ಓದಿದ ಅಥವಾ ತೋರಿಸಿದ ಮೇಲೆ, ಕೇಳಿದವರು ಮೊದಲು ತಮಗೆ ಏನು ಕಂಡಿತೆಂಬುದನ್ನು ಹೇಳಬೇಕು, ಆಮೇಲೆ ಒಂದು ಪ್ರಶ್ನೆ ಕೇಳಬೇಕು. "ಭಾಳ ಛೊಲೊ ಆಗೇದ" ಎಂಬ ನಮ್ಮ ಕಡೆಯ ಸೌಜನ್ಯದ ಮಾತಿಗೆ ಅಲ್ಲಿ ಅವಕಾಶವಿರಬಾರದು, ಏಕೆಂದರೆ ಅದರಿಂದ ತಿದ್ದುವವರಿಗೆ ಏನೂ ತಿಳಿಯುವುದಿಲ್ಲ.

ಬಹುಮಾನ, ಲೈಕು, ಸ್ಟೇಟಸ್ಸುಗಳನ್ನು ಈ ಹಂತದಲ್ಲಿ ದೂರವಿಡುವುದಕ್ಕೆ ಕಾರಣವಿದೆ. ಟೆರೆಸಾ ಅಮಾಬಿಲೆ 1985ರಲ್ಲಿ ನಡೆಸಿದ ಪ್ರಯೋಗದಲ್ಲಿ ಕವಿತೆ ಬರೆಯುವ 72 ಜನರಿದ್ದರು. ಹೆಸರು, ಹಣದಂಥ ಹೊರಗಿನ ಕಾರಣಗಳ ಬಗ್ಗೆ ಕೆಲವೇ ನಿಮಿಷ ಯೋಚಿಸುವಂತೆ ಮಾಡಿದವರ ಮುಂದಿನ ಕವಿತೆಗಳನ್ನು, ಯಾರದೆಂದು ತಿಳಿಯದ ತೀರ್ಪುಗಾರರು, ಇತರರ ಕವಿತೆಗಳಿಗಿಂತ ಕಡಿಮೆ ಸೃಜನಶೀಲವೆಂದು ಗುರುತಿಸಿದರು. ಕೆಲಸ ಗಟ್ಟಿಯಾದ ಮೇಲೆ ಸ್ಪರ್ಧೆಗೆ ಕಳಿಸುವುದರಲ್ಲಿ ತಪ್ಪಿಲ್ಲ; ಹಸಿಯಾಗಿರುವಾಗ ಬೇಡ.

ಎಂಟನೆಯ ಹೆಜ್ಜೆ: ಮಕ್ಕಳೂ ಹಬ್ಬಗಳೂ

ನಮ್ಮ ಭಾಗದ ಪಂಚಾಂಗದಲ್ಲಿ ಕೈಯಿಂದ ಮಾಡುವ ದಿನಗಳು ಮೊದಲೇ ಗುರುತಾಗಿವೆ. ಕಾರಹುಣ್ಣಿಮೆಯ ನಂತರ ಮಣ್ಣೆತ್ತಿನ ಅಮಾವಾಸ್ಯೆ, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ಮಣ್ಣಿನ ನಾಗಪ್ಪ, ಬಲಿಪಾಡ್ಯಮಿಗೆ ಸಗಣಿಯ ಪಾಂಡವರು. ಇಡೀ ಊರು ಒಂದೇ ದಿನ ಮೂರ್ತಿ ಮಾಡುತ್ತಿದ್ದ ಈ ಪದ್ಧತಿಯನ್ನು ನಾವು ದುರ್ಗದ ಬೈಲಿಗೆ ಹೋಗಿ ಜೋಡಿ ಎತ್ತು ಕೊಂಡು ತರುವ ಪದ್ಧತಿಯಾಗಿ ಇಳಿಸಿಕೊಂಡಿದ್ದೇವೆ. ವರ್ಷಕ್ಕೊಮ್ಮೆಯಾದರೂ ಮನೆಯಲ್ಲಿಯೇ ಮಾಡಿರಿ.

ಹೊಲದ ಎರೆಮಣ್ಣನ್ನು ಹಾಗೆಯೇ ಬಳಸಬಾರದು, ಅದು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಕುಂಬಾರರ ಮಣ್ಣು ಸಿಕ್ಕರೆ ಉತ್ತಮ, ಇಲ್ಲವಾದರೆ ಎರೆಮಣ್ಣಿಗೆ ಸೋಸಿದ ಸಣ್ಣ ಮರಳು ಬೆರೆಸಬೇಕು. ಹಿಂದಿನ ರಾತ್ರಿ ನೆನೆಹಾಕಿ, ಮುಂಜಾನೆ ರೊಟ್ಟಿಯ ಹಿಟ್ಟಿನ ಹದಕ್ಕೆ ನಾದಿರಿ. ಮೈ ಮತ್ತು ಕಾಲುಗಳನ್ನು ಒಂದೇ ಮುದ್ದೆಯಿಂದ ಎಳೆದು ತೆಗೆದರೆ ಕಾಲು ಕಳಚುವುದಿಲ್ಲ, ಕಾಲು ದಪ್ಪವಿರಬೇಕು. ಕೊಂಬು, ಇಣಿ, ಬಾಲಗಳನ್ನು ಅಂಟಿಸುವ ಕಡೆ ಕಡ್ಡಿಯಿಂದ ಗೀರಿ, ತೆಳ್ಳಗಿನ ಮಣ್ಣಿನ ನೀರು ಸವರಿ ಒತ್ತಬೇಕು. ಬಿಸಿಲಿನಲ್ಲಿಡದೆ ನೆರಳಿನಲ್ಲಿ ಒಣಗಿಸಬೇಕು. ಕಣ್ಣಿಗೆ ಜೋಳದ ಕಾಳು ಸಾಕು.

ಮಗು ಮಾಡಿದ ಎತ್ತು ಹಂದಿಯಂತೆ ಕಂಡರೆ ಕಾಣಲಿ. ದೊಡ್ಡವರ ಕೈ ಅದರ ಮೇಲೆ ಹೋಗಬಾರದು, "ಎತ್ತಿನ ಕೋಡು ಹಿಂಗ ಇರ್ತಾವೇನೊ" ಎಂಬ ಮಾತೂ ಬರಬಾರದು. ಹೊಗಳಲೇಬೇಕೆಂದಿಲ್ಲ, "ಇದು ಯಾಕ ತಲಿ ತಗ್ಗಿಸೇದ?" ಎಂಬಂಥ ಒಂದು ಪ್ರಶ್ನೆ ಕೇಳಿರಿ. ಮಗುವಿನ ಹತ್ತಿರ ಅದಕ್ಕೆ ಉತ್ತರವಿರುತ್ತದೆ, ಇಲ್ಲದಿದ್ದರೆ ಅಲ್ಲಿಯೇ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಪಕ್ಕದಲ್ಲಿ ಕೂತು ನೀವೂ ಒಂದು ಎತ್ತು ಮಾಡಬೇಕು. ಮಕ್ಕಳನ್ನು ಶನಿವಾರದ ಕ್ಲಾಸಿಗೆ ಕಳಿಸಿ ಹೊರಗೆ ಬೈಕಿನ ಮೇಲೆ ಮೊಬೈಲು ನೋಡುತ್ತ ಕಾಯುವ ಪಾಲಕರು ತಾವು ಕಲಿಸುತ್ತಿರುವುದೇನೆಂದು ಒಮ್ಮೆ ಯೋಚಿಸಬೇಕು.

ಒಂಬತ್ತನೆಯ ಹೆಜ್ಜೆ: ಬಿಟ್ಟುಹೋದದ್ದನ್ನು ಮರಳಿ ಹಿಡಿಯುವುದು

ಏಪ್ರಿಲ್-ಮೇ ತಿಂಗಳ ಮದುವೆಗಳು, ಹಳ್ಳಿಯಲ್ಲಿ ಹೊಲವಿದ್ದವರಿಗೆ ಸುಗ್ಗಿ, ಶಿಕ್ಷಕರಿಗೆ ಪರೀಕ್ಷೆ, ಬ್ಯಾಂಕಿನವರಿಗೆ ಮಾರ್ಚ್ ಕೊನೆ, ಮನೆಯಲ್ಲಿ ಕಾಯಿಲೆ: ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ನಲವತ್ತು ನಿಮಿಷವನ್ನು ವಾರಗಟ್ಟಲೆ ನುಂಗುತ್ತದೆ. ಮೊದಲೇ ಗೊತ್ತಿರುವ ಬಿಡುವಾದರೆ, ಹಲಗೆಯ ಮೇಲೆ ಮರಳುವ ತಾರೀಖನ್ನು ಬರೆದಿಟ್ಟು ಹೋಗಿರಿ. ಆ ದಿನಗಳಲ್ಲಿ ವಹಿಯ ಮೂರು ಸಾಲನ್ನು ಮಾತ್ರ ಬಿಡಬೇಡಿರಿ. ಮದುವೆಮನೆಯಲ್ಲಂತೂ ಮೂರು ಸಾಲಿಗೆ ಬರವಿಲ್ಲ.

ಮರಳಿ ಕೂತ ಮೊದಲ ದಿನ ಹಳೆಯ ಕೆಲಸವನ್ನು ಮೊದಲಿನಿಂದ ಓದುವುದಾಗಲಿ, ನೋಡುವುದಾಗಲಿ ಬೇಡ. ಅದು ಚೆನ್ನಾಗಿಲ್ಲವೆಂದೇ ಕಾಣುತ್ತದೆ. ಬಿಟ್ಟುಹೋದ ದಿನಗಳನ್ನು ತುಂಬಿಕೊಡುವ ಹಟದಲ್ಲಿ ಎರಡು ತಾಸು ಕೂಡುವುದೂ ಬೇಡ. ಹತ್ತೇ ನಿಮಿಷ ಕೂಡಿರಿ. ಬಿಡುವ ಮುನ್ನ ಮಾಡಿದ ಕೊನೆಯ ತುಣುಕನ್ನು ಕೈಯಿಂದ ನಕಲು ಮಾಡಿ, ಅದರ ಮುಂದೆ ಒಂದು ಸಾಲು, ಒಂದು ಗೆರೆ ಅಥವಾ ಒಂದು ಸ್ವರ ಸೇರಿಸಿ, ನಾಳೆಯ ಚೀಟಿ ಬರೆದಿಟ್ಟು ಏಳಿರಿ. ಎರಡನೆಯ ದಿನ ಇಪ್ಪತ್ತು ನಿಮಿಷ, ಮೂರನೆಯ ದಿನ ಮೂವತ್ತು, ನಾಲ್ಕನೆಯ ದಿನದಿಂದ ಮೊದಲಿನಂತೆ ನಲವತ್ತು. ಹಲಗೆಯ ಮೇಲೆ ಆ ಹೊತ್ತಿಗೆ ಯಾರಾದರೂ ಲಗ್ನಪತ್ರಿಕೆಗಳನ್ನೋ ವಿದ್ಯುತ್ ಬಿಲ್ಲನ್ನೋ ಪೇರಿಸಿಟ್ಟಿರುವುದು ಬಹುತೇಕ ಖಚಿತ. ಅವುಗಳನ್ನು ತೆಗೆದು ಅಡಿಗೆಮನೆಯ ಮೊಳೆಗೆ ಸಿಕ್ಕಿಸಿ, ಕರಾರನ್ನು ಮನೆಯವರಿಗೆ ಇನ್ನೊಮ್ಮೆ ನೆನಪಿಸಿರಿ.